ಗೀಟಿನ ತನಕ ಉಗುಳು

ಮೂರು ವರ್ಷ ನಾನು ಜನರ ಉಗುಳು ಕೂಡಿಸುವ ನೌಕರಿ ಮಾಡಿದ್ದೇನೆ. ಹೀಗೆಂದರೆ ಎದುರಿಗೆ ಕೂತವರು ಮೊದಲು ನಗುತ್ತಾರೆ, ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ನಗಲಿ, ಸರಿಯಲಿ, ನನಗೇನು. ಬಿ.ಎಸ್ಸಿ. ಮುಗಿಸಿ ಶಹಾಪುರದ ಮನೆಯಲ್ಲಿ ಕೂತು, ನೋಡಲು ಬಂದ ವರಗಳಿಗೆಲ್ಲ ಚಹಾ ಕೊಟ್ಟು ಕೊಟ್ಟು ಸಾಕಾಗಿದ್ದವಳಿಗೆ ಸಿಕ್ಕ ಮೊದಲ ಕೆಲಸ ಅದು. ನೇಮಕದ ಕಾಗದದಲ್ಲಿ ಕ್ಷೇತ್ರ ಸಹಾಯಕಿ ಎಂದು ಚೆಂದಾಗಿ ಬರೆದಿತ್ತು. ನಮ್ಮವ್ವ ಮಾತ್ರ ಓಣಿಯವರು ಕೇಳಿದರೆ "ಆಕಿ ದವಾಖಾನಿ ಕೆಲಸಕ್ಕ ಹೋಗ್ತಾಳ" ಎಂದು ಹೇಳಿ, ಲಗುಬಗೆಯಿಂದ ಮಳೆಯ ಸುದ್ದಿ ತೆಗೆಯುತ್ತಿದ್ದಳು.

ಕೆಲಸ ಇಷ್ಟೇ. ದೂರದ ದೊಡ್ಡ ಊರಿನ ಒಂದು ಸಂಶೋಧನಾ ಕೇಂದ್ರದವರು ಬಾಯಿ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದವರ ಉಗುಳನ್ನು ಆಗಾಗ ತರಿಸಿ ನೋಡುತ್ತಿದ್ದರು. ಉಗುಳಿನಲ್ಲಿ ಜೀವಕೋಶಗಳಿರುತ್ತವೆ, ಅವುಗಳಲ್ಲಿ ಡಿಎನ್‌ಎ ಇರುತ್ತದೆ, ಆ ಡಿಎನ್‌ಎ ಮೇಲೆ ಮಿಥೈಲ್ ಎಂಬ ಚಿಕ್ಕ ಗುರುತು ಅಲ್ಲಲ್ಲಿ ಕೂತಿರುತ್ತದೆ. ಅದು ಎಲ್ಲೆಲ್ಲಿ ಕೂತಿದೆ ಎಂದು ನೋಡಿ, ರೋಗ ಯಾರಿಗೆ ಮರಳಿ ಬರುವ ಸಂಭವ ಹೆಚ್ಚು, ಯಾರಿಗೆ ಕಡಿಮೆ ಎಂದು ಮುಂಚೆಯೇ ಹೇಳಲು ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು.

ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ನಳಿಕೆ, ಅದರ ಮೇಲೊಂದು ಕರಿ ಗೀಟು. ಒಂದು ತಾಸು ಮೊದಲಿನಿಂದ ಬಾಯಿಗೆ ಏನೂ ಹಾಕಬಾರದು. ಆಮೇಲೆ ಗೀಟಿನ ತನಕ ಉಗುಳಬೇಕು. ಬುರುಗು ಲೆಕ್ಕಕ್ಕಿಲ್ಲ. ಇಷ್ಟು ಹೇಳುವುದಕ್ಕೆ ನನಗೆ ಯಾದಗಿರಿಯಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಊಟ ಚೆನ್ನಾಗಿತ್ತು.

ತುಂಬಿದ ನಳಿಕೆಗಳನ್ನು ಬರ್ಫ್ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹುಣಸಗಿಯಿಂದ ಸುರಪುರಕ್ಕೆ ಬರುವಾಗ ಒಮ್ಮೆ ಕಂಡಕ್ಟರ್ ಡಬ್ಬಿ ತಟ್ಟಿ, "ಏನದರೀ ಇದ್ರಾಗ? ಮೀನೇನು? ಲಗೇಜ್ ಆಗತದ ಮತ್ತ" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಉಗುಳು ಅದ. ಹದಿನಾಲ್ಕು ಮಂದೀದು. ತೆಗೆದು ತೋರಿಸ್ಲೇನು?" ಎಂದೆ. ಪಕ್ಕದಲ್ಲಿ ಕೂತ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು, ಹಿಂದಿನ ಸೀಟಿನವರೂ ಕಿಟಕಿ ತೆರೆದರು. ಮೂವರು ಕೂಡುವ ಸೀಟಿನಲ್ಲಿ ನಾನೊಬ್ಬಳೇ ಕಾಲು ಚಾಚಿಕೊಂಡು ಸುರಪುರದ ತನಕ ಬಂದೆ. ಮುಂದೆ ಬಸ್ಸು ತುಂಬಿದ್ದ ದಿನಗಳಲ್ಲಿ ಯಾರೂ ಕೇಳದಿದ್ದರೂ ನಾನೇ ಮೊದಲು ಹೇಳಿಬಿಡುತ್ತಿದ್ದೆ.

ಆದರೆ ಉಗುಳು ಪಡೆಯುವುದು ಬಸ್ಸಿನಲ್ಲಿ ಸೀಟು ಹಿಡಿದಷ್ಟು ಸುಲಭವಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಕೊಡುತ್ತಾರೆ, ಚಹಾ ಕೊಡುತ್ತಾರೆ, ಹೆಣ್ಣುಮಗಳಾದರೆ ಉಡಿ ತುಂಬುತ್ತಾರೆ. ಬಂದವಳ ಕೈಗೆ ಎಂಜಲು ಕೊಡುವ ಮನೆ ಒಂದೂ ಇಲ್ಲ. ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಮುದುಕಿ ನನ್ನೆದುರೇ ಗೀಟಿನ ತನಕ ಉಗುಳಿದಳು. ನಾನು ಫಾರಂ ತೆಗೆಯಲು ಚೀಲಕ್ಕೆ ಕೈ ಹಾಕಿ ತಿರುಗುವಷ್ಟರಲ್ಲಿ ಅದನ್ನು ಬಚ್ಚಲಿಗೆ ಚೆಲ್ಲಿ, ನಳಿಕೆಯನ್ನು ಬೂದಿ ಹಚ್ಚಿ ತಿಕ್ಕಿ, ಸೆರಗಿನಿಂದ ಒರೆಸಿ, ಮೇಲೆ ಒಂದು ಬೊಟ್ಟು ಅರಿಷಿಣ ಕುಂಕುಮ ಇಟ್ಟು ತಂದುಕೊಟ್ಟಳು. "ಹೊಲಸು ಹಂಗೇ ಹೆಂಗ ಕೊಡ್ಲೆವ್ವಾ ನಿನ್ನ ಕೈಯಾಗ?" ಎಂದಳು. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಹೊಸ ನಳಿಕೆ ತೆಗೆದೆ. ಇನ್ನೊಂದು ತಾಸು ಕಾದು ಮತ್ತೆ ಉಗುಳಿಸಿಕೊಂಡು ಬಂದೆ.

ಕೇಂದ್ರದವರು ಕೊಟ್ಟ ರೋಗಿಗಳ ಪಟ್ಟಿಯಲ್ಲಿ ನನ್ನ ಸೋದರಮಾವನೂ ಇದ್ದ. ಹುಣಸಗಿಗೂ ಕೊಡೇಕಲ್ಲಿಗೂ ನಡುವೆ ಅವನ ಹಳ್ಳಿ. ಎಡದಂಡೆ ಕಾಲುವೆಯಲ್ಲಿ ನೀರು ಬಂದ ಹೊಸದರಲ್ಲೇ ಅವನು ಗೇಟು ಎತ್ತುವ, ಇಳಿಸುವ ಕೆಲಸಕ್ಕೆ ಸೇರಿ, ಅದರಲ್ಲೇ ನಿವೃತ್ತನಾಗಿದ್ದ. ಗೇಟಿನ ಹತ್ತಿರ ಕೂತಷ್ಟು ಹೊತ್ತೂ ಗಲ್ಲದಲ್ಲಿ ಸುಣ್ಣ ಹಚ್ಚಿದ ತಂಬಾಕು. ಅದೂ ಎಡಗಡೆಯ ಗಲ್ಲದಲ್ಲೇ. ಯಾಕೆಂದು ಕೇಳಿದರೆ "ಎಡದಂಡಿ ನೌಕರ ನಾ, ಬಲದಂಡಿಗೆ ಇಟ್ರ ಸಾಹೇಬ್ರು ಮೆಮೋ ಕೊಡ್ತಾರ" ಎನ್ನುತ್ತಿದ್ದ. ಕೊನೆಗೆ ಆ ಎಡಗಲ್ಲದ ಒಳಗೇ ಹುಣ್ಣಾಗಿ, ಅದು ಕ್ಯಾನ್ಸರ್ ಎಂದಾಗಿ, ಗಲ್ಲ ಕೊಯ್ದು ತೊಡೆಯ ಚರ್ಮ ತಂದು ಹೊಲಿದರು. ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಮೊದಲು ಇದ್ದಬದ್ದ ಹಲ್ಲನ್ನೆಲ್ಲ ಕಿತ್ತರು. ಮಾತು ಬಿಸಿ ಗೆಣಸು ಬಾಯಲ್ಲಿಟ್ಟುಕೊಂಡು ಆಡಿದಂತೆ ಕೇಳುತ್ತಿತ್ತು. ತಂಬಾಕು ಅಂದಿನಿಂದ ನಿಂತಿತು.

ಮೊದಲ ಸಲ ಅವನ ಮನೆಗೆ ಡಬ್ಬಿ ಹಿಡಿದು ಹೋದಾಗ ಮಿಥೈಲ್ ಎಂದರೇನು ಎಂದು ಅವನಿಗೆ ಹೇಳಬೇಕಿತ್ತು. ಹೇಳಿ, ಅರ್ಥವಾಯಿತೆಂದು ಸಹಿ ಹಾಕಿಸಿಕೊಳ್ಳಬೇಕೆಂಬ ನಿಯಮ. ತರಬೇತಿಯಲ್ಲಿ ಕಲಿಸಿದ ಮಾತು ಆಡಿ ನೋಡಿದೆ. ಮಾಮ ಆಕಳಿಸಿದ. ಆಗ ನನಗೆ ಗೇಟು ನೆನಪಾಯಿತು.

"ನೋಡು ಮಾಮಾ, ಮೈಯಾಗ ಕೆಟ್ಟ ಬೆಳಿ ಬೆಳೀಲಾರದಂಗ ನೋಡಿಕೊಳ್ಳೋ ಜೀನು ಅಂತ ಇರ್ತಾವ. ಅವು ಒಂದೊಂದು ಗೇಟು ಅಂತ ತಿಳಿ. ಗೇಟು ಮುರಿದಿಲ್ಲ, ತುಕ್ಕು ಹಿಡಿದಿಲ್ಲ, ಎಲ್ಲಾ ನೆಟ್ಟಗೇ ಅದ. ಆದ್ರ ಯಾರೋ ಬಂದು ಬೀಗ ಹಾಕಿ ಹೋಗ್ಯಾರ. ನೀರು ಬರಂಗಿಲ್ಲ. ಆ ಬೀಗನೇ ಮಿಥೈಲು. ಎಷ್ಟು ಗೇಟಿಗೆ ಬೀಗ ಬಿದ್ದಾವ ಅಂತ ನಿನ್ನ ಉಗುಳಿನಾಗ ಎಣಿಸಿ ನೋಡ್ತಾರ."

ಮಾಮನ ಆಕಳಿಕೆ ಅರ್ಧಕ್ಕೇ ನಿಂತಿತು. "ಬೀಗ ಯಾರ ಹಾಕ್ತಾರ?"

"ತಂಬಾಕಿನಿಂದ ಬೀಳತಾವ ಅಂತಾರ, ವಯಸ್ಸಿನಿಂದ ಬೀಳತಾವ ಅಂತಾರ. ಪೂರಾ ಯಾರಿಗೂ ಗೊತ್ತಿಲ್ಲ."

"ಅಂದ್ರ ನಮ್ಮ ಇಲಾಖಿನಂಗೇ ಅದ" ಎಂದು ಮಾಮ ಸಹಿ ಹಾಕಿದ. ಮೂರು ತಾಲೂಕಿನಲ್ಲಿ ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಮತ್ತೊಬ್ಬರಿಲ್ಲ. ಈ ಮಾತು ಹೇಳಿದಾಗ ನನ್ನ ಮೇಲಿನ ಡಾಕ್ಟರ್ ಮೇಡಂ ಕೂಡ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಸಹಿ ಹಾಕಿದ ಮೇಲೆ ಮಾಮ ಮೆಲ್ಲಗೆ ಇನ್ನೊಂದು ಮಾತು ತೆಗೆದ. ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಬಹುದು ಎಂದು ಆಸ್ಪತ್ರೆಯವರು ಹೇಳಿ ನಾಲ್ಕು ತಿಂಗಳಾಗಿತ್ತು. ಅವನು ಕಟ್ಟಿಸಿಕೊಂಡಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಕೂಸಿಗೆ ಉಣಿಸಿದಂತೆ ಅವನ ಹೆಂಡತಿ, ನಮ್ಮ ಅತ್ತಿ, ಉಣಿಸುತ್ತಿದ್ದಳು.

"ಒಂದ ಕೆಲಸ ಮಾಡು. ನನ್ನ ಉಗುಳು ಏನಂತದ ಕೇಳಿ ಹೇಳು. ಬ್ಯಾನಿ ತಿರುಗಿ ಬರತದ ಅಂದ್ರ ಹಲ್ಲು ಬ್ಯಾಡ. ಬರಂಗಿಲ್ಲ ಅಂದ್ರ ನಾಳೇನೇ ಸುರಪುರಕ್ಕ ಹೋಗಿ ಕಟ್ಟಿಸ್ತೀನಿ."

"ಹಲ್ಲಿಗೂ ಅದಕ್ಕೂ ಏನ ಸಂಬಂಧ ಮಾಮಾ?"

"ವರ್ಷದಾಗ ಹೋಗೋ ಬಾಯಿಗೆ ಹೊಸಾ ಹಲ್ಲು ಯಾಕ? ಹೊಂಟ ಹೆಣ ನೋಡಿ ಹಲ್ಲು ಕಿಸದಾನ ಅಂತ ಮಂದಿ ನಗಬೇಕೇನು?"

ಅತ್ತಿ ಒಳಗಿನಿಂದಲೇ "ಬಾಯಿ ತೊಳಕೋ, ಸುಡುಗಾಡು ಮಾತಾಡಬ್ಯಾಡ" ಎಂದಳು. ನಾನು ನಕ್ಕೆ. ಯಾರಿಗೂ ಫಲಿತಾಂಶ ಹೇಳಬಾರದೆಂದು ನಮಗೆ ಕಟ್ಟಪ್ಪಣೆ ಇತ್ತು. ನಳಿಕೆಗಳ ಮೇಲೂ ಹೆಸರಿಲ್ಲ, ಬರೀ ನಂಬರು. "ಇದು ನೂರಾರು ಜನರನ್ನು ಕೂಡಿಸಿ ನೋಡುವ ಲೆಕ್ಕ. ಒಬ್ಬ ಮನುಷ್ಯನಿಗೆ ನೀನು ಬದುಕುತ್ತೀ, ನೀನು ಸಾಯುತ್ತೀ ಎಂದು ಹೇಳುವಷ್ಟು ಇನ್ನೂ ನಮಗೇ ಗೊತ್ತಿಲ್ಲ" ಎಂದು ಮೇಡಂ ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ನಾನು ಮೂರೂ ಸಲ ತಲೆ ಆಡಿಸಿದ್ದೆ. "ನೋಡೋಣ ತಗೋ ಮಾಮಾ" ಎಂದು ಮಾಮನಿಗೂ ತಲೆ ಆಡಿಸಿದೆ.

ಆ ಮೊದಲ ಸಲದ ಉಗುಳು ಪಾಸಾಗಲಿಲ್ಲ. ಕರೆಂಟು ಕೊಟ್ಟ ಬಾಯಿಯಲ್ಲಿ ಉಗುಳೇ ಹುಟ್ಟುವುದಿಲ್ಲ, ಒಣಗಿ ಹೋಗಿರುತ್ತದೆ. ಮಾಮ ಅರ್ಧ ತಾಸು ತಿಣುಕಿದರೂ ನಳಿಕೆಯ ತಳ ಮಾತ್ರ ತೊಯ್ದಿತ್ತು. ಸಾಲದು ಎಂದು ಲ್ಯಾಬಿನಿಂದ ತಿರಸ್ಕೃತವಾಗಿ ಬಂತು. ಅವಮಾನವಾದದ್ದು ನನಗೆ. ಎರಡನೇ ಸಲ ಹೋದವಳೇ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಮಾಮನ ಮುಂದೆ ನಳಿಕೆ ಹಿಡಿದು ಒದರಿದೆ. "ಈ ಗೀಟು ಕಾಣಸ್ತದಿಲ್ಲೋ? ಇಲ್ಲಿ ತನಕ ಬರಲಿಲ್ಲಂದ್ರ ನಿನ್ನ ನಂಬರೇ ತೆಗೆದು ಹಾಕ್ತಾರ. ಆಮ್ಯಾಲ ಹಲ್ಲಿನ ಸುದ್ದಿ ನನ್ನ ಕೇಳಬ್ಯಾಡ."

ಕಟ್ಟೆಯ ಮೇಲೆ ಮಾಮನ ಜೊತೆ ಯಾವಾಗಲೂ ಇಬ್ಬರಿರುತ್ತಿದ್ದರು. ಒಬ್ಬರು ನಿವೃತ್ತ ಮಾಸ್ತರರು, ಇನ್ನೊಬ್ಬರು ಟೇಲರ್ ಚಾಚಾ. ಮೂವರೂ ಒಂದೇ ವಯಸ್ಸಿನವರು. ಮಾಮನಿಗೆ ಕ್ಯಾನ್ಸರ್ ಎಂದು ತಿಳಿದ ದಿನವೇ ಇಬ್ಬರೂ ಹೆದರಿ ತಂಬಾಕು ಬಿಟ್ಟಿದ್ದರು. ನಾನು ಒದರಿದ್ದು ಕೇಳಿ ಮೂವರೂ ಗೀಟನ್ನೇ ನೋಡಿದರು. ಅಷ್ಟರಲ್ಲಿ ಅತ್ತಿ ನನ್ನನ್ನು ಊಟಕ್ಕೆ ಒಳಗೆ ಕರೆದಳು. ಎದುರಿಗೆ ನಿಂತು ನೋಡುತ್ತಿದ್ದರೆ ಬರುವ ಉಗುಳೂ ಬರುವುದಿಲ್ಲ ಎಂಬುದು ನನಗೂ ಅನುಭವದಿಂದ ಗೊತ್ತಿತ್ತು. ಹೋಗಿ ಉಂಡೆ. ನಡುವೆ ಅತ್ತಿ ಒಮ್ಮೆ "ಚಹಾ ಬೇಕೇನ ಕೇಳಿ ಬರ್ತೀನಿ" ಎಂದು ಹೊರಗೆ ಹೋಗಿ ಬಂದಳು.

ನಾನು ಕೈ ತೊಳೆದು ಬಂದಾಗ ಉಗುಳು ಸರಿಯಾಗಿ ಗೀಟಿಗೆ ನಿಂತಿತ್ತು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವರೂ ಬಿತ್ತನೆ ಮುಗಿಸಿ ಬದುವಿನ ಮೇಲೆ ಕೂತವರಂತೆ ಕೂತಿದ್ದರು. "ನೋಡ್ರಿ, ಸ್ವಲ್ಪ ಜೋರು ಮಾಡಿದ್ರ ಹೆಂಗ ಬರತದ" ಎಂದು ನಾನು ಹೆಮ್ಮೆಯಿಂದ ಮುಚ್ಚಳ ಹಾಕಿದೆ. ಮಾಸ್ತರರು ಕೆಮ್ಮಿದರು. ನನಗೆ ಏನೂ ಅನುಮಾನ ಬರಲಿಲ್ಲ. ಬಿ.ಎಸ್ಸಿ. ಓದಿದವಳು ನಾನು.

ಕೆಲವು ತಿಂಗಳ ಮೇಲೆ ಯಾದಗಿರಿಯ ಕಚೇರಿಗೆ ಡಬ್ಬಿ ಒಪ್ಪಿಸಲು ಹೋದಾಗ ಮೇಡಂ ಬಂದಿದ್ದರು. ಅವರ ಕಂಪ್ಯೂಟರಿನಲ್ಲಿ ಉದ್ದನೆಯ ಪಟ್ಟಿ ತೆರೆದಿತ್ತು. ಒಂದು ಕಡೆ ನಂಬರು, ಅದರ ಎದುರಿಗೆ ಗುರುತು ಹೆಚ್ಚು ಅಥವಾ ಕಡಿಮೆ. ಮೇಡಂ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದರು. ನಾನು ನೋಡಬಾರದಿತ್ತು. ಮಾಮನ ನಂಬರು ನನಗೆ ಬಾಯಿಪಾಠವಿತ್ತು. ಕಣ್ಣು ತಾನಾಗಿಯೇ ಹೋಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಕುರ್ಚಿ ಎಳೆದುಕೊಂಡು ಕೂತು, ಬೆರಳಿಟ್ಟು ಹುಡುಕಿದೆ. ಕಡಿಮೆ ಎಂದಿತ್ತು.

ಮೇಡಂ ಮೂರು ಸಲ ಹೇಳಿದ್ದು, ನಾನು ಮೂರು ಸಲ ತಲೆ ಆಡಿಸಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಸುರಪುರದಿಂದ ಹುಣಸಗಿ, ಅಲ್ಲಿಂದ ಒಂದು ಟಂಟಂ ಆಟೋ. ಮಾಮನ ಊರಿನಲ್ಲಿ ಇಳಿದವಳು ಕಟ್ಟೆಯ ತನಕ ಓಡಿದೆ. ಕಾಲಿನ ಚಪ್ಪಲಿಯ ಪಟ್ಟಿ ಹರಿಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡಿದೆ.

"ಮಾಮಾ, ಬೀಗ ಬಿದ್ದಿಲ್ಲ. ಚಲೋ ಬಂದದ."

ಮಾಮ ನನ್ನ ಮುಖ ನೋಡಿದ, ಕೈಯಲ್ಲಿದ್ದ ಚಪ್ಪಲಿ ನೋಡಿದ, ಮತ್ತೆ ಮುಖ ನೋಡಿದ. ಮಾಸ್ತರರು, ಚಾಚಾ ಇಬ್ಬರೂ ಯಾಕೋ ಕಾಲುವೆಯ ಕಡೆ ಮುಖ ತಿರುಗಿಸಿದರು. ಮಾಮ, "ಹಂಗಾದ್ರ ಹಲ್ಲು ಕಟ್ಟಿಸ್ಲೇನು?" ಎಂದ.

"ನಾಳೇನೇ ಕಟ್ಟಿಸು" ಎಂದೆ. ಅತ್ತಿ ಬಾಗಿಲಲ್ಲಿ ನಿಂತು ಅತ್ತಳು. ನಾನೂ ಅತ್ತೆ. ಅಷ್ಟು ಖುಷಿ ನನಗೆ ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ದಿನವೂ ಆಗಿರಲಿಲ್ಲ.

ಹಲ್ಲಿಗೆ ಸುರಪುರಕ್ಕೆ ಐದು ಸಲ ಹೋಗಬೇಕಾಯಿತು, ಐದು ಸಲವೂ ಮಾಸ್ತರರು, ಚಾಚಾ ಜೊತೆಗೆ. ಬಾಯಿಯಲ್ಲಿ ಮೇಣದಂಥದ್ದು ತುಂಬಿ ಅಳತೆ ತೆಗೆಯುವಾಗ ಮಾಮನಿಗೆ ಮಾತು ಬರುವುದಿಲ್ಲವೆಂದು ಅವನ ಪರವಾಗಿ ಇವರಿಬ್ಬರೂ ಡಾಕ್ಟರಿಗೆ ಉತ್ತರ ಕೊಟ್ಟರಂತೆ. ನೋಯುತ್ತದೆಯೇ ಎಂದರೆ ಮಾಸ್ತರರು "ಇಲ್ರಿ", ಚಾಚಾ "ಥೋಡಾ ಥೋಡಾ". ಬಣ್ಣ ಆರಿಸುವ ದಿನ ಇನ್ನೊಂದು ತಕರಾರು. ಹಾಲಿನಂಥ ಬಿಳಿ ಹಲ್ಲು ಬೇಡ ಎಂದು ಮಾಮ ಹಟ ಹಿಡಿದ. "ಇಷ್ಟು ಬೆಳ್ಳಗ ಹಲ್ಲು ನಮ್ಮೂರಾಗ ಎಮ್ಮಿಗೂ ಇಲ್ಲ. ಸ್ವಲ್ಪ ತಂಬಾಕ ತಿಂದಂಗ ಮಾಡಿ ಕೊಡ್ರಿ" ಎಂದನಂತೆ. ಡಾಕ್ಟರು ಬಾಯಿ ಮುಚ್ಚಿಕೊಂಡು ನಕ್ಕು, ಇದ್ದುದರಲ್ಲಿ ಹಳದಿ ಬಣ್ಣ ಹುಡುಕಿ ಕೊಟ್ಟರು.

ಹಲ್ಲು ಬಂದ ಮರುದಿನ ಬೆಳಿಗ್ಗೆ ಮೇಡಂ ಫೋನು ಮಾಡಿದರು.

"ಹುಣಸಗಿ ಕಡೆಯ ಒಂದು ಮಾದರಿ ಇದೆಯಲ್ಲ" ಎಂದು ಮಾಮನ ನಂಬರು ಹೇಳಿದರು. "ಕೊನೆಯಲ್ಲಿ ನಾವು ಪ್ರತಿ ಉಗುಳನ್ನೂ ಅದೇ ರೋಗಿಯ ಹಳೆಯ ರಕ್ತದ ಜೊತೆ ಹೋಲಿಸುತ್ತೇವೆ. ಇದು ಹೊಂದುತ್ತಿಲ್ಲ. ಅಂದರೆ, ಸ್ವಲ್ಪ ಹೊಂದುತ್ತದೆ. ಉಳಿದದ್ದು ಬೇರೆಯವರದು. ಮೂರಕ್ಕಿಂತ ಹೆಚ್ಚು ಜನ ಇದ್ದಾರೆ. ಅದರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ಏನಮ್ಮ ಇದು?"

ಆ ದಿನ ಕಟ್ಟೆಯ ಮೇಲೆ ಗೀಟನ್ನೇ ನೋಡಿದ ಮೂರು ಮುಖ ನೆನಪಾಯಿತು. ಆ 'ಕಡಿಮೆ' ಯಾರದ್ದು? ಮಾಸ್ತರರದೋ, ಚಾಚಾರದೋ? ಮಾಮನ ಬಾಯಿಯ ಸುದ್ದಿ ಆ ನಳಿಕೆಯಲ್ಲಿ ಇರಲೇ ಇಲ್ಲ. ಇದ್ದರೂ ಉಳಿದವರ ಉಗುಳಿನಲ್ಲಿ ಮುಳುಗಿ ಹೋಗಿತ್ತು. ಪಟ್ಟಿ ಕದ್ದು ನೋಡಿದ್ದನ್ನೂ, ಮಾಮನಿಗೆ ಹೇಳಿದ್ದನ್ನೂ, ಹಲ್ಲನ್ನೂ ಒಂದೇ ಉಸಿರಿಗೆ ಮೇಡಂಗೆ ಹೇಳಿಬಿಟ್ಟೆ. "ಅವರದ್ದೊಂದೇ ಇದ್ದರೂ ಹಾಗೆ ಹೇಳಲು ಬರುತ್ತಿರಲಿಲ್ಲ. ಹೋಗಿ ನಿಜ ಹೇಳಿ. ಹೊಸ ಮಾದರಿ ಕೊಡುವುದಿದ್ದರೆ ಕೊಡಲಿ, ಬೇಡವೆಂದರೆ ಬಿಡಲಿ. ನಿಮ್ಮ ವಿಷಯ ಆಮೇಲೆ ಮಾತಾಡೋಣ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ದಿನ ಬಸ್ಸಿನಲ್ಲಿ ಕಂಡಕ್ಟರ್ ಏನು ಕೇಳಿದನೋ ನನಗೆ ಕೇಳಿಸಲಿಲ್ಲ. ಮಾಮನ ಕಟ್ಟೆ ಮುಟ್ಟಿದಾಗ ಮೂವರೂ ಅಲ್ಲೇ ಇದ್ದರು. ಮಾಮ ಹೊಸ ಹಲ್ಲು ಹಾಕಿಕೊಂಡು, ಸುಟ್ಟ ಮೆಕ್ಕೆತೆನೆಯನ್ನು ಒಂದೊಂದೇ ಕಾಳು ಬಿಡಿಸಿ ಕಡಿಯುತ್ತಿದ್ದ. ಅವನ ಮುಖಕ್ಕೆ ಮೂರು ವರ್ಷ ಕಡಿಮೆಯಾದಂತಿತ್ತು. ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು, ಯಾಕೆಂದರೆ ಸಿಟ್ಟಾಗದಿದ್ದರೆ ಅಳುತ್ತಿದ್ದೆ.

"ನಳಕಿಯಾಗ ಯಾರ್ಯಾರು ಉಗುಳೀರಿ, ಹೇಳ್ರಿ."

ಶಾಲೆಯಲ್ಲಿ ಬೆತ್ತ ಹಿಡಿದು ಮೂವತ್ತು ವರ್ಷ ಇದೇ ಪ್ರಶ್ನೆ ಕೇಳಿದ ಮಾಸ್ತರರು ಕೊನೆಗೆ ತಾವೇ ಕೈ ಎತ್ತಿದರು. "ನಾ ಎರಡ ಸಲ, ಅಷ್ಟೇ" ಎಂದರು.

"ಬೇಟಿ, ನಾನೂ ಥೋಡಾ ಕೊಟ್ಟೀನಿ" ಎಂದರು ಚಾಚಾ. "ದೋಸ್ತನ ಬಾಯಿ ಒಣಗ್ಯಾದ. ಅವನ ಹೊಲ ಬಿತ್ತಾಕ ಹೋಗ್ತೀವಿ, ನಮ್ಮ ಹೊಲ ಬಿತ್ತಾಕ ಅವ ಬರ್ತಾನ. ಇದೂ ಹಂಗೇ ಅಂತ ತಿಳಕೊಂಡ್ವಿ."

"ಮತ್ತ ಹೆಂಗಸು ಯಾರು? ಲ್ಯಾಬಿನಾಗ ಹೆಂಗಸು ಸಿಕ್ಕಾಳ."

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಅತ್ತಿ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. ಅವಳಿಗೆ ನಾಚಿಕೆ ಇರಲಿಲ್ಲ, ಸಿಟ್ಟಿತ್ತು. "ಗೀಟಿಗೆ ಇನ್ನೊಂದೀಟು ಕಮ್ಮಿ ಇತ್ತು. ಮೂರೂ ಗಂಡಸರು ಬಾಯಿ ಒಣಗಿಸಿಕೊಂಡು ಕುಂತಿದ್ರು. ಮದಿವಿ ಆದಾಗಿಂದ ಆತನ ಎಂಜಲ ಗಂಗಾಳದಾಗ ನಾ ಉಂಡೀನಿ. ನನ್ನ ಎಂಜಲ ಒಂದ ಹನಿ ಆತಗ ಕೂಡಿಸಿದ್ರ ಏನ ಮುಳುಗಿ ಹೋತು?"

ನನಗೆ ನಗು ಬಂತು. ಆ ಹೊತ್ತಿನಲ್ಲೂ ಬಂತು, ಏನು ಮಾಡಲಿ. ನಗುತ್ತ ನಗುತ್ತಲೇ ಕಟ್ಟೆಯ ಮೇಲೆ ಕೂತು ಅಳತೊಡಗಿದೆ. ಅಳುತ್ತಲೇ ಎಲ್ಲ ಹೇಳಿದೆ. ಆ ರಿಪೋರ್ಟು ಮಾಮನದಲ್ಲ. ಬೀಗ ಬಿದ್ದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಹೇಳಬಾರದ್ದನ್ನು ಹೇಳಿದೆ, ಅದೂ ತಪ್ಪು ಹೇಳಿದೆ. ಅತ್ತಿ ಗೋಡೆ ಹಿಡಿದು ಅಲ್ಲೇ ಕೂತಳು. ಪಾಪ, ಅವಳಿಗೆ ಇದು ಆ ಕ್ಷಣದ ತನಕ ಹೊಳೆದೇ ಇರಲಿಲ್ಲ.

ಮಾಮ ಮಾತ್ರ ತೆನೆಯ ಇನ್ನೊಂದು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡ.

"ನನಗ ಗೊತ್ತಿತ್ತು" ಎಂದ.

"ಏನ ಗೊತ್ತಿತ್ತು?"

"ಅದು ನಂದಲ್ಲ ಅಂತ. ಸಾಹೇಬ್ರು ಕಾಲುವಿ ನೋಡಾಕ ಬಂದಾಗ ನೀರು ಅಳತಿ ಗೀಟಿಗೆ ಮುಟ್ಟಲಿಲ್ಲಂದ್ರ ಪಕ್ಕದ ಹಳ್ಳದ ನೀರು ತಿರುವಿ ಗೀಟು ಮುಟ್ಟಿಸ್ತಿದ್ದೆ. ಸಾಹೇಬ್ರು ಬರಕೊಂಡು ಹೋಗ್ತಿದ್ರು. ಆ ನೀರು ಕಾಲುವೀದಲ್ಲಂತ ನನಗ ಗೊತ್ತಿರತಿತ್ತಲ್ಲ."

"ಮತ್ತ ಯಾಕ ಮಾಡಿದಿ ಮಾಮಾ? ಸ್ವಲ್ಪ ಇನ್ನೊಂದೀಟು ಹೊತ್ತು ಕುಂತಿದ್ರ ನಿಂದೇ ಬರತಿತ್ತಲ್ಲ."

ಮಾಮ ಮಾಸ್ತರರ ಕಡೆ ನೋಡಿದ, ಚಾಚಾನ ಕಡೆ ನೋಡಿದ. "ಅಂಜಿಕಿ ಬಂತವ್ವಾ" ಎಂದ. "ಒಬ್ಬನೇ ಉಗುಳಿದ್ರ ಒಬ್ಬನ ಸುದ್ದೀನೇ ಬರತದ. ನಾಕು ಮಂದೀದು ಕೂಡಿದ್ರ ಯಾರ ಸುದ್ದಿ ಅಂತ ಹೇಳಾಕ ಬರಂಗಿಲ್ಲ. ಕೆಟ್ಟದ್ದು ಬಂದ್ರ ಇವರದಿರಬೇಕು ಅಂತಿದ್ದೆ" ಎಂದು ನಕ್ಕ. ಮಾಸ್ತರರೂ ನಕ್ಕರು. ಚಾಚಾ ನಗಲಿಲ್ಲ, ಮಾಮನ ತೊಡೆಯ ಮೇಲೆ ಕೈ ಇಟ್ಟರು.

"ಹಂಗಿದ್ರ ಹಲ್ಲು ಯಾಕ ಕಟ್ಟಿಸಿದಿ? ನನ್ನ ಮಾತು ಸುಳ್ಳಂತ ನಿನಗ ಗೊತ್ತಿತ್ತಲ್ಲ."

"ನೀ ಚಪ್ಪಲಿ ಕೈಯಾಗ ಹಿಡಕೊಂಡು ಓಡಿ ಬಂದಿ. ಚಲೋ ಬಂದದ ಅಂದಿ. ಸುಳ್ಳು ಅಂತ ಗೊತ್ತಿದ್ರೂ, ಅದನ್ನ ಕೇಳಿದ ಕೂಡ್ಲೆ ನನಗ ಹಸಿವಾತು. ಆಪರೇಷನ್ ಆದ ಮ್ಯಾಲ ಆವತ್ತೇ ಮೊದಲು. ಹಸದ ಮ್ಯಾಲ ಹಲ್ಲು ಬೇಕಲ್ಲ."

ನಾನು ಮೂಗು ಒರೆಸಿಕೊಂಡೆ. ಚೀಲದಿಂದ ಹೊಸ ನಳಿಕೆ ತೆಗೆದು ಅವನಿಗೂ ನನಗೂ ನಡುವೆ ಇಟ್ಟೆ. "ಈ ಸಲ ನಿನ್ನದೊಂದೇ ಬೇಕು ಮಾಮಾ. ಏನು ಬಂತು ಅಂತ ನಾ ನೋಡಂಗಿಲ್ಲ, ನಿನಗೂ ಹೇಳಂಗಿಲ್ಲ. ನಿನ್ನಂಥ ಮುಂದಿನವರಿಗೆ ಉಪಯೋಗ ಆಗತದ, ಅಷ್ಟೇ. ಬ್ಯಾಡ ಅಂದ್ರೂ ನಡೀತದ, ಬಿಟ್ಟಾರ ಅಂತ ಬರೀತೀನಿ. ನನ್ನ ಆಣಿ, ಸಿಟ್ಟಾಗಂಗಿಲ್ಲ."

ಮಾಮ ತೆನೆಯನ್ನು ಅತ್ತಿಯ ಕೈಗೆ ಕೊಟ್ಟು ಬಾಯಿ ಮುಕ್ಕಳಿಸಿದ. "ನೀವಿಬ್ರೂ ಮನಿಗೆ ಹೋಗ್ರಿ. ನೀವಿದ್ರ ಮತ್ತ 'ಥೋಡಾ ಥೋಡಾ' ಅಂತೀರಿ" ಎಂದ. ಅವರು ಹೋದರು. ತಿರುತಿರುಗಿ ನೋಡುತ್ತ ಹೋದರು. ಬಾಯಿಗೆ ಏನೂ ಹಾಕದೆ ಒಂದು ತಾಸು ಕಳೆಯಬೇಕೆಂಬ ನಿಯಮವಿತ್ತಲ್ಲ, ಇಬ್ಬರೂ ಕಾಯುತ್ತ ಕೂತೆವು.

ತಾಸಾದ ಮೇಲೆ ಮಾಮ ಹಲ್ಲಿನ ಸೆಟ್ ತೆಗೆದ. ಇಡಲು ಜಾಗ ಹುಡುಕಿ, ಸಿಗದೆ, ನನ್ನ ಅಂಗೈಯಲ್ಲಿ ಇಟ್ಟ. ಬೆಚ್ಚಗಿತ್ತು, ಒದ್ದೆಯಿತ್ತು. ಕೈಗವಸಿಲ್ಲದೆ ಯಾರ ಒಂದು ಹನಿಯನ್ನೂ ಮುಟ್ಟದವಳು ನಾನು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಮಾಮ ಬಾಗಿ ನಳಿಕೆಗೆ ಬಾಯಿ ಹಚ್ಚಿದ. ಒಂದು ಹನಿ ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಗೀಟು ಇನ್ನೂ ಎಷ್ಟೋ ಮೇಲಿತ್ತು.

ರಸ್ತೆಯಲ್ಲಿ ಹುಣಸಗಿಗೆ ಹೋಗುವ ಬಸ್ಸು ಹಾರ್ನ್ ಹಾಕಿತು. ಆ ಹೊತ್ತಿಗೆ ಅದೊಂದೇ ಬಸ್ಸು. ಮಾಮ ತಲೆ ಎತ್ತಿದ.

"ನಿನ್ನ ಬಸ್ಸು ಹೊಂಟದ ನೋಡು."

"ಹೋಗ್ಲಿ ಬಿಡು ಮಾಮಾ" ಎಂದೆ. "ನೀ ಉಗುಳು."